ದವಡೆಯ ಮೂರನೆಯ ಆಯಾಮ: ಸಿಬಿಸಿಟಿ ಸ್ಕ್ಯಾನ್ ಏನು ತೋರಿಸುತ್ತದೆ, ಯಾವಾಗ ಬೇಕಾಗುತ್ತದೆ

ಕೆಳದವಡೆಯ ಬುದ್ಧಿಹಲ್ಲು ಕೀಳಿಸಬೇಕಾದವರ ಎಕ್ಸ್-ರೇ ಚಿತ್ರವನ್ನು ಗಮನವಿಟ್ಟು ನೋಡಿ. ಬೇರಿನ ತುದಿಯ ಹತ್ತಿರ ಎರಡು ತೆಳುವಾದ ಬಿಳಿ ಗೆರೆಗಳು ಜೊತೆಜೊತೆಯಾಗಿ ಹಾದುಹೋಗಿರುತ್ತವೆ. ನರವೊಂದು ಸಾಗುವ ಸುರಂಗದ ಮೇಲಂಚು, ಕೆಳಂಚು ಅವು. ಕೆಳತುಟಿಗೂ ಗದ್ದಕ್ಕೂ ಸ್ಪರ್ಶದ ಅರಿವು ಕೊಡುವುದು ಆ ನರ. ಕೆಲವರ ಚಿತ್ರದಲ್ಲಿ ಬೇರು ಆ ಗೆರೆಗಳ ಮೇಲೆಯೇ ಬಂದು ಕುಳಿತಿರುತ್ತದೆ. ಆಗ ಏಳುವ ಪ್ರಶ್ನೆ ಒಂದೇ: ಬೇರು ನರಕ್ಕಿಂತ ಕೆನ್ನೆಯ ಕಡೆಗಿದೆಯೋ, ನಾಲಿಗೆಯ ಕಡೆಗಿದೆಯೋ, ಇಲ್ಲವೇ ನರವನ್ನೇ ತಬ್ಬಿಕೊಂಡು ಬೆಳೆದಿದೆಯೋ? ಚಿತ್ರದಲ್ಲಿ ಮೂರೂ ಒಂದೇ ರೀತಿ ಕಾಣುತ್ತವೆ. ಹಲ್ಲು ಕೀಳುವ ಕೈಗೆ ಮಾತ್ರ ಇವು ಮೂರು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು.

ಎಕ್ಸ್-ರೇ ಚಿತ್ರವೆಂದರೆ ಮೂಲತಃ ನೆರಳು. ಕಿರಣದ ದಾರಿಯಲ್ಲಿ ಸಿಕ್ಕಿದ ಕೆನ್ನೆಯ ಕಡೆಯ ಮೂಳೆ, ಹಲ್ಲಿನ ಬೇರು, ನಾಲಿಗೆಯ ಕಡೆಯ ಮೂಳೆ ಎಲ್ಲವೂ ಒಂದರ ಮೇಲೊಂದು ಕುಳಿತು ಒಂದೇ ಬೂದುಚುಕ್ಕೆಯಾಗಿ ಇಳಿಯುತ್ತವೆ. ಉದ್ದ ಸಿಗುತ್ತದೆ, ಎತ್ತರ ಸಿಗುತ್ತದೆ, ಆಳ ಕಳೆದುಹೋಗುತ್ತದೆ. ವಿಲ್ಹೆಲ್ಮ್ ರಾಂಟ್‌ಜನ್ 1895ರ ನವೆಂಬರ್‌ನಲ್ಲಿ ಈ ಕಿರಣಗಳನ್ನು ಕಂಡುಕೊಂಡರು. ಸುದ್ದಿ ಹರಡಿದ ಕೆಲವೇ ವಾರಗಳಲ್ಲಿ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆದರು. ಅದಕ್ಕಾಗಿ 25 ನಿಮಿಷ ಕಿರಣಕ್ಕೆ ಮೈಯೊಡ್ಡಿದ್ದರು. ಅಲ್ಲಿಂದ ಸುಮಾರು ನೂರು ವರ್ಷ ಹಲ್ಲಿನ ಚಿತ್ರಗಳು ಎಷ್ಟೇ ಸ್ಪಷ್ಟವಾಗುತ್ತ ಬಂದರೂ ನೆರಳುಗಳಾಗಿಯೇ ಉಳಿದವು. ಇಡೀ ದವಡೆಯನ್ನು ಒಂದೇ ಪಟ್ಟಿಯಲ್ಲಿ ತೋರಿಸುವ ಓಪಿಜಿ ವಿಧಾನವನ್ನು ಫಿನ್‌ಲ್ಯಾಂಡಿನ ಯೂರ್ಯೊ ಪಾಟೆರೊ ಬೆಳೆಸಿದರು. ಅದೂ ಕಮಾನಿನಂಥ ದವಡೆಯನ್ನು ಚಪ್ಪಟೆಯಾಗಿ ಬಿಡಿಸಿಟ್ಟ ನೆರಳೇ.

ಕಳೆದುಹೋದ ಆಳವನ್ನು ಹಿಡಿಯಲು ದಂತವೈದ್ಯರು ಒಂದು ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಒಂದೇ ಜಾಗದ ಎರಡು ಚಿತ್ರಗಳನ್ನು, ಕಿರಣ ಸೂಸುವ ನಳಿಕೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ತೆಗೆಯುವುದು. ನಳಿಕೆ ಸರಿದ ದಿಕ್ಕಿಗೇ ಸರಿದಂತೆ ಕಂಡದ್ದು ನಾಲಿಗೆಯ ಕಡೆಯದು. ಎದುರು ದಿಕ್ಕಿಗೆ ಸರಿದದ್ದು ಕೆನ್ನೆಯ ಕಡೆಯದು. ಮರಗಳ ತೋಪಿನ ಮುಂದೆ ನಿಂತಾಗ ಒಂದು ಮರ ಇನ್ನೊಂದನ್ನು ಮರೆಮಾಡುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಯಾವುದು ಹತ್ತಿರ, ಯಾವುದು ದೂರ ಎಂಬುದು ತಾನಾಗಿಯೇ ತಿಳಿಯುತ್ತದೆ. ತೋಪನ್ನು ಪೂರ್ತಿ ಒಂದು ಸುತ್ತು ಹಾಕಿದರೆ ಪ್ರತಿ ಮರ ಎಲ್ಲಿ ನಿಂತಿದೆ ಎಂಬ ನಕ್ಷೆಯನ್ನೇ ಬರೆಯಬಹುದು. ಮೂರು ಆಯಾಮದ ಸ್ಕ್ಯಾನ್ ಮಾಡುವ ಕೆಲಸ ಇಷ್ಟೇ. ಎರಡು ನೆರಳುಗಳ ಬದಲು ನೂರಾರು ನೆರಳುಗಳನ್ನು ಸುತ್ತಲಿನಿಂದ ಹಿಡಿದು, ಅವೆಲ್ಲವನ್ನೂ ಒಟ್ಟಿಗೆ ಬೀಳಿಸಬಲ್ಲ ವಸ್ತು ಹೇಗಿರಬೇಕು ಎಂದು ಗಣಿತದಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತದೆ.

ಆ ಗಣಿತದ ಬೇರು 1917ರಲ್ಲಿ ಯೋಹಾನ್ ರಾಡೊನ್ ಬರೆದ ಪ್ರಬಂಧದಲ್ಲಿದೆ. ಅದು ವೈದ್ಯಕೀಯಕ್ಕೆ ಇಳಿದದ್ದು ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕಟ್ಟಿದ ಸಿ.ಟಿ. ಯಂತ್ರದಿಂದ, 1971ರಲ್ಲಿ ಲಂಡನ್ನಿನಲ್ಲಿ ಅದರಿಂದ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಲಾಯಿತು. ಆಸ್ಪತ್ರೆಯ ಆ ಸಿ.ಟಿ. ಯಂತ್ರ ಬೀಸಣಿಗೆಯಂತೆ ತೆಳುವಾಗಿ ಹರಡಿದ ಕಿರಣವನ್ನು ಬಳಸಿ, ದೇಹದ ಹೋಳು ಹೋಳುಗಳನ್ನು ಒಂದಾದ ಮೇಲೊಂದರಂತೆ ಓದುತ್ತದೆ. ಹಲ್ಲಿನ ಚಿಕಿತ್ಸೆಗೆ ಅದು ದೊಡ್ಡದು, ದುಬಾರಿ; ವಿಕಿರಣವೂ ಹೆಚ್ಚು. ಶಂಕುವಿನಂತೆ ಅಗಲವಾಗಿ ಹರಡುವ ಕಿರಣವನ್ನು ಬಳಸಿದರೆ ಒಂದೇ ಸುತ್ತಿನಲ್ಲಿ ದವಡೆಯ ಅಷ್ಟೂ ಭಾಗವನ್ನು ಹಿಡಿಯಬಹುದಿತ್ತು, ಆದರೆ ಅಂಥ ನೆರಳುಗಳಿಂದ ವಸ್ತುವನ್ನು ಮರಳಿ ಕಟ್ಟುವ ಲೆಕ್ಕ ಜಟಿಲ. ಅದಕ್ಕೊಂದು ಸುಲಭ ದಾರಿಯನ್ನು 1984ರಲ್ಲಿ ಕೊಟ್ಟವರು ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್. ಮೂವರೂ ಫೋರ್ಡ್ ಮೋಟಾರ್ ಕಂಪನಿಯ ಸಂಶೋಧಕರು. ಇಂದು ಹಲ್ಲಿನ ಬೇರು ಎಲ್ಲಿದೆ ಎಂದು ತಿಳಿಸುವ ಲೆಕ್ಕ ಕಾರು ತಯಾರಕರ ಪ್ರಯೋಗಾಲಯದಿಂದ ಬಂತು ಎಂಬುದು ನನಗೆ ಪ್ರತಿಸಲವೂ ಬೆರಗು ಹುಟ್ಟಿಸುತ್ತದೆ. 1990ರ ದಶಕದ ಕೊನೆಯಲ್ಲಿ ಇಟಲಿಯಲ್ಲಿ ಪಿಯೆರೊ ಮೊಝೊ ಅವರ ತಂಡ, ಜಪಾನಿನಲ್ಲಿ ಯೋಶಿನೊರಿ ಅರಾಯ್ ಅವರ ತಂಡ ದವಡೆಗೆಂದೇ ಇಂಥ ಯಂತ್ರಗಳನ್ನು ರೂಪಿಸಿದವು. ಶಂಕುಕಿರಣದ ಸಿ.ಟಿ. ಎಂಬ ಅರ್ಥದಲ್ಲಿ ಇದನ್ನು ಸಿಬಿಸಿಟಿ ಎನ್ನುತ್ತಾರೆ.

ರೋಗಿಯ ಪಾಲಿಗೆ ಇದು ಸರಳ ಅನುಭವ. ನಿಂತುಕೊಂಡೋ ಕುಳಿತುಕೊಂಡೋ ಗದ್ದವನ್ನು ಒಂದು ಆಧಾರದ ಮೇಲೆ ಇಡಬೇಕು. ಯಂತ್ರದ ತೋಳು ತಲೆಯ ಸುತ್ತ ಅರ್ಧ ಅಥವಾ ಪೂರ್ತಿ ಸುತ್ತು ತಿರುಗುತ್ತದೆ. ಹತ್ತರಿಂದ ನಲವತ್ತು ಸೆಕೆಂಡು. ಆ ಹೊತ್ತಿನಲ್ಲಿ ಅಲುಗಾಡದಿರುವುದೇ ರೋಗಿ ಮಾಡಬೇಕಾದ ದೊಡ್ಡ ಉಪಕಾರ, ಏಕೆಂದರೆ ಒಂದು ಕೂದಲೆಳೆಯಷ್ಟು ಚಲನೆಯೂ ಅಂಚುಗಳನ್ನು ಜೋಡಿಯಾಗಿ ಕಾಣಿಸುತ್ತದೆ.

ಕಂಪ್ಯೂಟರ್ ಕಟ್ಟಿಕೊಡುವ ಚಿತ್ರ ಪುಟ್ಟ ಪುಟ್ಟ ಘನಗಳಿಂದ ಆದದ್ದು. ಫೋಟೊದ ಚುಕ್ಕೆಗೆ ಪಿಕ್ಸೆಲ್ ಎನ್ನುವಂತೆ ಆಳವೂ ಇರುವ ಈ ಘನಕ್ಕೆ ವಾಕ್ಸೆಲ್ ಎನ್ನುತ್ತಾರೆ. ಹಲ್ಲಿನ ಸ್ಕ್ಯಾನ್‌ಗಳಲ್ಲಿ ಅದರ ಒಂದು ಬದಿ ಸಾಮಾನ್ಯವಾಗಿ 0.08ರಿಂದ 0.4 ಮಿಲಿಮೀಟರ್. ಐದು ಸೆಂಟಿಮೀಟರ್ ಬದಿಯ ಒಂದು ಘನಾಕೃತಿಯನ್ನು 0.1 ಮಿಲಿಮೀಟರ್ ವಾಕ್ಸೆಲ್‌ಗಳಲ್ಲಿ ತುಂಬಿದರೆ ಅವುಗಳ ಸಂಖ್ಯೆ ಹನ್ನೆರಡೂವರೆ ಕೋಟಿ. ಮೂರೂ ಬದಿಗಳು ಸಮನಾಗಿರುವುದರಿಂದ ಈ ಘನರಾಶಿಯನ್ನು ಯಾವ ದಿಕ್ಕಿಗೆ ಬೇಕಾದರೂ ಕತ್ತರಿಸಿ ನೋಡಬಹುದು. ಓರೆಯಾಗಿ ಬೆಳೆದ ಬೇರಿನ ಉದ್ದಕ್ಕೂ ಓರೆಯಾಗಿಯೇ ಒಂದು ಹೋಳು ತೆಗೆದರೂ ಸ್ಪಷ್ಟತೆ ಕೆಡುವುದಿಲ್ಲ.

ಪರದೆಯ ಮೇಲೆ ತಿರುಗುವ ಬಣ್ಣದ ತಲೆಬುರುಡೆ ರೋಗಿಗಳ ಕಣ್ಣನ್ನು ಸೆಳೆಯುತ್ತದೆ. ರೋಗನಿರ್ಣಯ ನಡೆಯುವುದು ಅದರಲ್ಲಿ ಅಲ್ಲ, ಬೂದುಬಣ್ಣದ ಆ ಹೋಳುಗಳಲ್ಲಿ. ಬಣ್ಣದ ಮಾದರಿಯನ್ನು ತಂತ್ರಾಂಶ ತಯಾರಿಸುವಾಗ ಒಂದು ಮಟ್ಟಕ್ಕಿಂತ ಮಸುಕಾದ ವಾಕ್ಸೆಲ್‌ಗಳನ್ನು ಕೈಬಿಡುತ್ತದೆ. ಹಾಗಾಗಿ ತೆಳುವಾದ ಮೂಳೆ ಇರುವ ಕಡೆ ತೂತು ಬಿದ್ದಂತೆ ಕಾಣಬಹುದು. ಆ ಚಿತ್ರವನ್ನು ನೋಡಿ ‘ನನ್ನ ದವಡೆಯಲ್ಲಿ ಮೂಳೆಯೇ ಇಲ್ಲವಲ್ಲ’ ಎಂದು ಹೆದರಬೇಕಾಗಿಲ್ಲ.

ಮೂರನೆಯ ಆಯಾಮ ಅತಿ ಹೆಚ್ಚು ಬೆಲೆ ಬಾಳುವುದು ಇಂಪ್ಲಾಂಟ್, ಎಂದರೆ ಹೋದ ಹಲ್ಲಿನ ಜಾಗದ ಮೂಳೆಯಲ್ಲಿ ನೆಡುವ ಕೃತಕ ಬೇರು, ಕೂರಿಸುವಾಗ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ಮೂಳೆ ಸವೆಯತೊಡಗುತ್ತದೆ, ಅದರಲ್ಲೂ ತುಟಿ ಮತ್ತು ಕೆನ್ನೆಯ ಕಡೆಯಿಂದ. ಮೊದಲು ತಗ್ಗುವುದು ಅಗಲ. ಸಾಮಾನ್ಯ ಎಕ್ಸ್-ರೇ ಮುಚ್ಚಿಡುವುದೂ ಅದನ್ನೇ. ಎತ್ತರವಾಗಿ ನಿಂತ, ಆದರೆ ಚಾಕುವಿನ ಅಲಗಿನಂತೆ ತೆಳುವಾದ ಮೂಳೆಗೂ ದೃಢವಾದ ದಪ್ಪ ಮೂಳೆಗೂ ನೆರಳು ಬಹುತೇಕ ಒಂದೇ. ಸುಮಾರು 4 ಮಿಲಿಮೀಟರ್ ದಪ್ಪದ ಇಂಪ್ಲಾಂಟ್ ಅಲ್ಲಿ ಹಿಡಿಯುತ್ತದೆಯೇ, ಅಥವಾ ಮೊದಲು ಮೂಳೆ ಕಸಿ ಮಾಡಿ ಅಗಲ ಹೆಚ್ಚಿಸಬೇಕೇ ಎಂಬುದನ್ನು ಅಡ್ಡಹೋಳು ನೋಡಿದ ಕ್ಷಣಕ್ಕೆ ಹೇಳಬಹುದು.

ಅಪಾಯದ ಜಾಗಗಳೂ ಅಲ್ಲಿಯೇ ಕಾಣುತ್ತವೆ. ಮೇಲ್ದವಡೆಯ ಹಿಂಭಾಗದಲ್ಲಿ ಗಾಳಿ ತುಂಬಿದ ಸೈನಸ್ ಕೋಣೆ ಕೆಳಕ್ಕಿಳಿದಿರಬಹುದು. ಕೆಳದವಡೆಯಲ್ಲಿ ಮೊದಲೇ ಹೇಳಿದ ನರದ ಸುರಂಗವಿದೆ. ಇಂಪ್ಲಾಂಟಿನ ತುದಿಗೂ ಅದಕ್ಕೂ ನಡುವೆ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡುವುದು ರೂಢಿ. ಕಡಿಮೆ ಜನಕ್ಕೆ ಗೊತ್ತಿರುವ ಇನ್ನೊಂದು ಸಂಗತಿ: ಕೆಳದವಡೆಯ ಮೂಳೆ ನಾಲಿಗೆಯ ಕಡೆಗೆ ಒಳಕ್ಕೆ ತಗ್ಗಿರುತ್ತದೆ. ನೇರವಾಗಿ ಕೆಳಗಿಳಿಯುತ್ತಿದ್ದೇನೆ ಎಂದುಕೊಂಡ ಡ್ರಿಲ್ ಆ ತಗ್ಗಿನ ಗೋಡೆಯನ್ನು ತೂರಿ ಹೊರಬಂದರೆ ಬಾಯಿಯ ತಳದ ರಕ್ತನಾಳಕ್ಕೆ ಪೆಟ್ಟಾಗಬಹುದು. ಒಳಗೊಳಗೇ ರಕ್ತ ತುಂಬಿ ನಾಲಿಗೆಯನ್ನು ಮೇಲಕ್ಕೆತ್ತಿ ಉಸಿರಿನ ದಾರಿಯನ್ನೇ ಮುಚ್ಚಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಪರೂಪ, ಆದರೆ ಪ್ರಾಣಕ್ಕೆ ಕುತ್ತು. ಆ ತಗ್ಗು ಎಷ್ಟು ಆಳ ಎಂಬುದನ್ನು ಸ್ಕ್ಯಾನ್ ಮೊದಲೇ ತೋರಿಸುತ್ತದೆ.

ಇಂದಿನ ಯೋಜನೆ ಕೊನೆಯಿಂದ ಮೊದಲಿಗೆ ಸಾಗುತ್ತದೆ ಎನ್ನಬಹುದು. ಮೂಳೆ ಎಲ್ಲಿದೆಯೋ ಅಲ್ಲಿ ಇಂಪ್ಲಾಂಟ್ ಇಟ್ಟು, ಆಮೇಲೆ ಹಲ್ಲನ್ನು ಹೇಗೋ ಹೊಂದಿಸುವ ಕಾಲ ಸರಿದಿದೆ. ಮೊದಲು ಬಾಯೊಳಗಿನ ಸ್ಕ್ಯಾನರ್‌ನಿಂದ ಹಲ್ಲು ಮತ್ತು ವಸಡಿನ ಮೇಲ್ಮೈಯನ್ನು ದಾಖಲಿಸುತ್ತಾರೆ. ಅದಕ್ಕೆ ಕಿರಣ ಬೇಡ, ಬೆಳಕು ಸಾಕು. ಆ ಮೇಲ್ಮೈಯನ್ನು ಸಿಬಿಸಿಟಿ ಚಿತ್ರದ ಮೇಲೆ ಕೂರಿಸಿ, ಬರಬೇಕಾದ ಹಲ್ಲನ್ನು ಪರದೆಯ ಮೇಲೆ ಮೊದಲು ಇಟ್ಟು, ಅದಕ್ಕೆ ಹೊಂದುವಂತೆ ಕೆಳಗಿನ ಇಂಪ್ಲಾಂಟಿನ ಓರೆ, ಆಳ, ಉದ್ದವನ್ನು ಗೊತ್ತುಮಾಡುತ್ತಾರೆ. ಬಳಿಕ ಹಲ್ಲುಗಳ ಮೇಲೆ ಟೋಪಿಯಂತೆ ಕೂರುವ, ಡ್ರಿಲ್ಲಿಗೆ ದಾರಿ ತೋರುವ ಒಂದು ಅಚ್ಚನ್ನು ಮುದ್ರಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿದರೂ ಯೋಜನೆಗೂ ವಾಸ್ತವಕ್ಕೂ ನಡುವೆ ಸರಾಸರಿ ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚಿನ ವ್ಯತ್ಯಾಸ ಉಳಿಯುತ್ತದೆ. ಎರಡು ಮಿಲಿಮೀಟರ್ ಅಂತರ ಬಿಡುವ ರೂಢಿ ಎಷ್ಟು ವಿವೇಕದ್ದು ಎಂಬುದು ಈಗ ಅರ್ಥವಾದೀತು. ಅಚ್ಚಿದ್ದರೆ ಯಾರ ಕೈಯಾದರೂ ನಡೆಯುತ್ತದೆ ಎಂಬ ಭಾವನೆಯನ್ನು ನಾನು ಒಪ್ಪಲಾರೆ.

ಬೇರುನಾಳ ಚಿಕಿತ್ಸೆಯಲ್ಲಿ (ರೂಟ್ ಕೆನಾಲ್) ಕಥೆ ಬೇರೆ. ಮೇಲ್ದವಡೆಯ ಮೊದಲ ದವಡೆಹಲ್ಲಿಗೆ ಮೂರು ಬೇರುಗಳು. ಅವುಗಳಲ್ಲಿ ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಬಹಳಷ್ಟು ಜನರಿಗೆ ಎರಡನೆಯದೊಂದು ಸಣ್ಣ ನಾಳ ಇರುತ್ತದೆ. ಸಾಮಾನ್ಯ ಚಿತ್ರದಲ್ಲಿ ಅದು ಮೊದಲನೆಯದರ ಹಿಂದೆ ಅಡಗಿ ಕೂರುತ್ತದೆ. ಚಿಕಿತ್ಸೆ ಮುಗಿದು ವರ್ಷಗಳಾದರೂ ಕಚ್ಚಿದಾಗ ನೋಯುವ ಹಲ್ಲಿನ ಹಿಂದೆ ಎಷ್ಟೋ ಸಲ ಇರುವುದು ಸ್ವಚ್ಛ ಮಾಡದೆ ಉಳಿದ ಈ ನಾಳ. ಸೋಂಕು ಮೂಳೆಯೊಳಗಿನ ಸ್ಪಂಜಿನಂಥ ಭಾಗದಲ್ಲಿ ಗೂಡು ಕಟ್ಟಿಕೊಂಡರೂ ಹೊರಗಿನ ಗಟ್ಟಿ ಪದರ ಕರಗತೊಡಗುವವರೆಗೆ ಎಕ್ಸ್-ರೇಯಲ್ಲಿ ಕಾಣದೆ ಇರಬಹುದು ಎಂಬುದು 1960ರ ದಶಕದ ಪ್ರಯೋಗಗಳಿಂದಲೇ ಗೊತ್ತಿದೆ. ‘ಚಿತ್ರದಲ್ಲಿ ಏನೂ ಇಲ್ಲ’ ಎನ್ನುವುದಕ್ಕೂ ‘ಹಲ್ಲಿನಲ್ಲಿ ಏನೂ ಇಲ್ಲ’ ಎನ್ನುವುದಕ್ಕೂ ಇರುವ ದೂರ ಇದು. ನೋವಿದೆ ಎಂದು ಹೇಳಿಕೊಂಡು ಅಲೆದ ರೋಗಿಗೆ ಆ ದೂರ ಬಹಳ ದೊಡ್ಡದು.

ಸೈನಸ್‌ನ ವಿಷಯದಲ್ಲೂ ಹೀಗೆಯೇ. ಮೂಗಿನ ಒಂದೇ ಬದಿಯಲ್ಲಿ ಮತ್ತೆ ಮತ್ತೆ ಕಟ್ಟುವ ಸೈನಸ್ ತೊಂದರೆಯ ಮೂಲ ಕೆಲವೊಮ್ಮೆ ಅದರ ನೆಲಕ್ಕೆ ತಾಗಿ ನಿಂತ ಮೇಲ್ದವಡೆಯ ಹಲ್ಲಿನ ಬೇರಾಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಮೂಗಿಗೆ ಔಷಧ ಸಾಗುತ್ತಲೇ ಇರುತ್ತದೆ, ಹಲ್ಲು ತಣ್ಣಗೆ ಕುಳಿತಿರುತ್ತದೆ. ಹಲ್ಲು, ಬೇರು, ಸೈನಸ್‌ನ ನೆಲ ಮೂರನ್ನೂ ಒಂದೇ ಹೋಳಿನಲ್ಲಿ ನೋಡಿದಾಗ ಸಂಬಂಧ ಬಯಲಾಗುತ್ತದೆ. ಹದಿಹರೆಯದವರಲ್ಲಿ ಮೇಲಿನ ಕೋರೆಹಲ್ಲು ದಾರಿ ತಪ್ಪಿ ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸುತ್ತಿದೆಯೇ ಎಂಬ ಅನುಮಾನ ಬಂದಾಗಲೂ ಈ ಸ್ಕ್ಯಾನ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲದು. ಬುದ್ಧಿಹಲ್ಲನ್ನು ಕಿತ್ತು ಅದೇ ವ್ಯಕ್ತಿಯ ಕಳೆದುಹೋದ ದವಡೆಹಲ್ಲಿನ ಜಾಗಕ್ಕೆ ನೆಡುವ ಚಿಕಿತ್ಸೆಯಲ್ಲಂತೂ ಸ್ಕ್ಯಾನ್‌ನಿಂದ ಆ ಹಲ್ಲಿನ ಪ್ರತಿರೂಪವನ್ನು ಮೊದಲೇ ಮುದ್ರಿಸಿಕೊಳ್ಳುತ್ತಾರೆ. ಗುಳಿಯನ್ನು ಪ್ರತಿರೂಪಕ್ಕೆ ತಕ್ಕಂತೆ ಸಿದ್ಧಪಡಿಸಿದ ಮೇಲೆ ನಿಜವಾದ ಹಲ್ಲು ಕೀಳುವುದರಿಂದ ಅದು ಬಾಯಿಯ ಹೊರಗೆ ಒಣಗುವ ಹೊತ್ತು ಬಹಳ ಕಡಿಮೆಯಾಗುತ್ತದೆ. ಬೇರಿಗಂಟಿದ ಜೀವಂತ ಪೊರೆ ಉಳಿಯುವುದು ಆ ನಿಮಿಷಗಳ ಮೇಲೆಯೇ ನಿಂತಿದೆ.

ಇಷ್ಟು ಹೇಳಿದ ಮೇಲೆ ಈ ಸ್ಕ್ಯಾನ್‌ಗೆ ಕಾಣದಿರುವುದನ್ನೂ ಹೇಳಲೇಬೇಕು. ಲೋಹ ಅದರ ದೊಡ್ಡ ಶತ್ರು. ಹಳೆಯ ಲೋಹದ ಭರ್ತಿ, ಕ್ಯಾಪ್, ಬೇರಿನೊಳಗಿನ ಕಡ್ಡಿ ಇವುಗಳ ಸುತ್ತ ಬಿಳಿ-ಕಪ್ಪು ಗೆರೆಗಳು ಕಿರಣಗಳಂತೆ ಸಿಡಿದು ಪಕ್ಕದ ಹಲ್ಲುಗಳನ್ನೂ ಮಸುಕಾಗಿಸುತ್ತವೆ. ಬೇರು ಉದ್ದುದ್ದ ಸೀಳಿದೆಯೇ ಎಂದು ತಿಳಿಯಲು ಸ್ಕ್ಯಾನ್ ಮಾಡಿಸುವವರು ಹಲವರು. ಆದರೆ ಸೀಳು ವಾಕ್ಸೆಲ್‌ಗಿಂತ ಕಿರಿದಾಗಿದ್ದರೆ ಕಾಣುವುದಿಲ್ಲ. ಅದೇ ಬೇರಿನಲ್ಲಿ ಲೋಹದ ಕಡ್ಡಿಯಿದ್ದರೆ ಇಲ್ಲದ ಸೀಳೂ ಕಂಡಂತೆ ಭ್ರಮೆ ಹುಟ್ಟಬಹುದು. ಆ ಒಂದು ಕಪ್ಪು ಗೆರೆಯನ್ನು ನಂಬಿ ಹಲ್ಲು ಕೀಳುವ ಮುನ್ನ ಸುತ್ತಲ ಮೂಳೆ ಕರಗಿರುವ ರೀತಿ, ವಸಡಿಗೂ ಹಲ್ಲಿಗೂ ನಡುವಿನ ಸಂದಿನ ಆಳ, ರೋಗಿಯ ನೋವಿನ ಲಕ್ಷಣ ಎಲ್ಲವನ್ನೂ ಕೂಡಿಸಿ ನೋಡಬೇಕು. ಮೃದು ಅಂಗಾಂಶಗಳನ್ನೂ ಸಿಬಿಸಿಟಿ ಚೆನ್ನಾಗಿ ತೋರಿಸುವುದಿಲ್ಲ. ದವಡೆಯ ಕೀಲಿನ ಮೂಳೆ ಸವೆದಿದ್ದರೆ ಕಾಣುತ್ತದೆ. ಕೀಲಿನೊಳಗಿನ ಮೆತ್ತೆ ಜಾರಿದ್ದರೆ ಎಂ.ಆರ್.ಐ. ಬೇಕು. ಆಸ್ಪತ್ರೆಯ ಸಿ.ಟಿ.ಯಲ್ಲಿ ಮೂಳೆಯ ಸಾಂದ್ರತೆಯನ್ನು ಅಂಕಿಯಲ್ಲಿ ಅಳೆಯುವಂತೆ ಇಲ್ಲಿನ ಬೂದುಬಣ್ಣದ ಅಂಕಿಗಳನ್ನು ನಂಬುವಂತಿಲ್ಲ. ಚದುರಿದ ಕಿರಣಗಳು ಆ ಲೆಕ್ಕವನ್ನು ಕೆಡಿಸುತ್ತವೆ. ಇನ್ನು ಹುಳುಕಿನ ವಿಷಯ. ಕಣ್ಣಿಗೇ ಕಾಣುವ ಕುಳಿಗೆ ಈ ಸ್ಕ್ಯಾನ್ ಮಾಡಿಸುವುದು ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತೆ. ಹಲ್ಲುಗಳ ಸಂದಿನ ಹುಳುಕಿಗೆ ಬಾಯೊಳಗೆ ಇಟ್ಟು ತೆಗೆಯುವ ಸಣ್ಣ ಎಕ್ಸ್-ರೇಯೇ ಇಂದಿಗೂ ಸರಿಯಾದ ಸಾಧನ.

ವಿಕಿರಣದ ಬಗ್ಗೆ ಭಯ, ಉಡಾಫೆ ಎರಡೂ ಬೇಡ. ಆರಂಭಕಾಲದ ದಂತವೈದ್ಯ ಎಡ್ಮಂಡ್ ಕೆಲ್ಸ್ ರೋಗಿಗಳ ಬಾಯಲ್ಲಿ ಫಿಲ್ಮನ್ನು ಸ್ವತಃ ಹಿಡಿದು ಹಿಡಿದು ಮೊದಲು ಬೆರಳು, ಬಳಿಕ ಕೈ, ಕೊನೆಗೆ ತೋಳನ್ನು ಕಳೆದುಕೊಂಡರು. ಇಂದಿನ ಪ್ರಮಾಣಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದರೂ ಮಣ್ಣು, ಗಾಳಿ, ಆಕಾಶಗಳಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಎಂದರೆ ದಿನಕ್ಕೆ ಆರೇಳು ಮೈಕ್ರೊಸೀವರ್ಟ್ ವಿಕಿರಣ ನಮಗೆ ತಗಲುತ್ತದೆ. ಬಾಯೊಳಗಿನ ಒಂದು ಎಕ್ಸ್-ರೇ ಸುಮಾರು ಒಂದು ದಿನದ್ದು. ಓಪಿಜಿ ಕೆಲವು ದಿನಗಳದ್ದು. ಸಿಬಿಸಿಟಿಯ ವ್ಯಾಪ್ತಿ ಮಾತ್ರ ಬಹಳ ವಿಶಾಲ: ಯಂತ್ರ, ಸೆಟ್ಟಿಂಗ್ ಮತ್ತು ಸ್ಕ್ಯಾನ್ ಮಾಡುವ ಜಾಗದ ಗಾತ್ರವನ್ನು ಅನುಸರಿಸಿ ಹತ್ತಿಪ್ಪತ್ತು ಮೈಕ್ರೊಸೀವರ್ಟ್‌ನಿಂದ ಸಾವಿರದ ಆಸುಪಾಸಿನವರೆಗೆ. ಒಂದೇ ಹೆಸರಿನ ಸ್ಕ್ಯಾನ್‌ನಲ್ಲಿ ಇಷ್ಟು ಅಂತರವಿರುವುದರಿಂದಲೇ ‘ಇದರಲ್ಲಿ ವಿಕಿರಣ ಬಹಳ ಕಡಿಮೆ’ ಎಂಬ ಸಾರಾಸಗಟು ಭರವಸೆಗೆ ಅರ್ಥವಿಲ್ಲ.

ಅಂತರವನ್ನು ಗೊತ್ತುಮಾಡುವ ಮುಖ್ಯ ಗುಂಡಿ ಸ್ಕ್ಯಾನ್ ಕ್ಷೇತ್ರದ ಗಾತ್ರ. ಒಂದು ಹಲ್ಲಿನ ಬೇರುನಾಳ ನೋಡಲು ನಾಲ್ಕೈದು ಸೆಂಟಿಮೀಟರ್ ಕ್ಷೇತ್ರ ಸಾಕು. ಗದ್ದದಿಂದ ಹಣೆಯವರೆಗೆ ತೆಗೆಯುವ ಅಗತ್ಯವೇ ಇಲ್ಲ. ಇಲ್ಲೊಂದು ಸಂತೋಷದ ಸಂಗತಿಯಿದೆ: ಕ್ಷೇತ್ರ ಕಿರಿದಾದಂತೆ ಚದುರುವ ಕಿರಣವೂ ಕಡಿಮೆಯಾಗಿ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ರೋಗಿಯ ಹಿತವೂ ಚಿತ್ರದ ಗುಣವೂ ಒಂದೇ ದಿಕ್ಕಿಗೆ ಸಾಗುವ ಇಂಥ ಸಂದರ್ಭ ವೈದ್ಯಕೀಯದಲ್ಲಿ ವಿರಳ. ಮಕ್ಕಳ ವಿಷಯದಲ್ಲಿ ಇನ್ನಷ್ಟು ಬಿಗಿ ಬೇಕು; ಅವರ ಅಂಗಾಂಶಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ, ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. ಸೀಸದ ಏಪ್ರನ್ ಹಾಕಲಿಲ್ಲವೇಕೆ ಎಂದು ಕೆಲವರು ಆತಂಕಪಡುತ್ತಾರೆ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಏಪ್ರನ್ ಮತ್ತು ಥೈರಾಯ್ಡ್ ಪಟ್ಟಿ ಎರಡನ್ನೂ ಕೈಬಿಡಲು ಸಲಹೆ ನೀಡಿದೆ, ಏಕೆಂದರೆ ಅವು ಕಿರಣದ ದಾರಿಗೆ ಅಡ್ಡ ಬಂದು ಚಿತ್ರವನ್ನೇ ಕೆಡಿಸಿ ಮತ್ತೊಮ್ಮೆ ತೆಗೆಯುವ ಸ್ಥಿತಿ ತರಬಹುದು. ಹಲವು ಕಡೆ ಹಳೆಯ ಪದ್ಧತಿ ಇನ್ನೂ ಇದೆ. ನಿಜವಾದ ರಕ್ಷಣೆ ಬೇಡದ ಸ್ಕ್ಯಾನ್ ತೆಗೆಯದಿರುವುದರಲ್ಲಿ, ಬೇಕಾದದ್ದನ್ನು ಕಿರಿದಾಗಿ ತೆಗೆಯುವುದರಲ್ಲಿದೆ.

ತೆಗೆದ ಸ್ಕ್ಯಾನನ್ನು ಪೂರ್ತಿ ಓದುವ ಹೊಣೆಯೂ ಇದೆ. ಒಂದು ಇಂಪ್ಲಾಂಟಿಗಾಗಿ ತೆಗೆದ ದೊಡ್ಡ ಸ್ಕ್ಯಾನ್‌ನಲ್ಲಿ ಸೈನಸ್, ಕತ್ತಿನ ಮೂಳೆಗಳು, ಕೆಲವೊಮ್ಮೆ ಕತ್ತಿನ ರಕ್ತನಾಳದ ಗೋಡೆಯಲ್ಲಿ ಗಟ್ಟಿಗಟ್ಟಿದ ಸುಣ್ಣದ ಚುಕ್ಕೆಗಳೂ ಸೇರಿರುತ್ತವೆ. ಆ ಚುಕ್ಕೆಗಳು ಪಾರ್ಶ್ವವಾಯುವಿನ ಅಪಾಯದ ಸೂಚನೆಯಾಗಿರಬಹುದು. ಇಂಪ್ಲಾಂಟಿನ ಜಾಗವನ್ನಷ್ಟೇ ಅಳೆದು ಉಳಿದುದನ್ನು ಮುಚ್ಚಿಡುವುದು ರೋಗಿಗೆ ಮಾಡುವ ಅನ್ಯಾಯ ಎಂದು ನಾನು ನಂಬುತ್ತೇನೆ. ಹಾಗಾಗಿ ಸ್ಕ್ಯಾನ್ ಮಾಡಿಸಲು ಹೇಳಿದಾಗ ರೋಗಿ ಸಂಕೋಚವಿಲ್ಲದೆ ಕೇಳಬಹುದು: ಈ ಸ್ಕ್ಯಾನ್ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು? ಉತ್ತರ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ? ಪೂರ್ತಿ ಓದಿ ಲಿಖಿತ ವರದಿ ಕೊಡುವವರು ಯಾರು? ಎರಡೂ ಉತ್ತರಗಳಿಗೆ ಚಿಕಿತ್ಸೆ ಒಂದೇ ಆಗಿದ್ದರೆ ಆ ಸ್ಕ್ಯಾನ್ ಬಹುಶಃ ಬೇಕಾಗಿಲ್ಲ.

ಮೊದಲು ನೋಡಿದ ಬುದ್ಧಿಹಲ್ಲಿನ ಚಿತ್ರಕ್ಕೂ ಇದೇ ಪ್ರಶ್ನೆ ಹೊಂದುತ್ತದೆ. ಸ್ಕ್ಯಾನ್ ಮಾಡಿಸಿದ ಮಾತ್ರಕ್ಕೆ ನರದ ಗಾಯ ಕಡಿಮೆಯಾಗುತ್ತದೆ ಎಂದು ಓಪಿಜಿಯೊಂದಿಗೆ ಹೋಲಿಸಿದ ಅಧ್ಯಯನಗಳು ತೋರಿಸಿಲ್ಲ. ಹಾಗಾಗಿ ಎಲ್ಲ ಬುದ್ಧಿಹಲ್ಲುಗಳಿಗೂ ಅದು ಬೇಡ. ಬೇರಿನ ಮೇಲೆ ಹಾದುಹೋಗುವ ಕಡೆ ನರದ ಬಿಳಿ ಗೆರೆ ಕಡಿದುಹೋಗಿದ್ದರೆ, ಬೇರು ಅಲ್ಲಿ ಕಪ್ಪಾಗಿದ್ದರೆ, ಸುರಂಗ ದಾರಿ ಬದಲಿಸಿದ್ದರೆ ಆಗ ಅನುಮಾನ ಗಟ್ಟಿಯಾಗುತ್ತದೆ. ಅಡ್ಡಹೋಳು ನೋಡಿದಾಗ ನರ ಬೇರಿನಲ್ಲೇ ಒಂದು ಕಾಲುವೆ ಕೊರೆದುಕೊಂಡು, ನಡುವೆ ಮೂಳೆಯ ತೆಳು ಪದರವೂ ಇಲ್ಲದೆ ಸಾಗಿರುವುದು ಕಂಡಿತು ಎಂದುಕೊಳ್ಳಿ. ಹಲ್ಲು ತೊಂದರೆ ಕೊಡದಿದ್ದರೆ ಅದನ್ನು ಮುಟ್ಟದೆ ಬಿಡುವ ಮಾತು ಬರುತ್ತದೆ. ತೆಗೆಯಲೇಬೇಕಾದರೆ, ಬೇರುಗಳಿಗೆ ಸೋಂಕು ತಗಲಿಲ್ಲದಿದ್ದರೆ, ತಲೆಭಾಗವನ್ನಷ್ಟೇ ಕತ್ತರಿಸಿ ತೆಗೆದು ಬೇರುಗಳನ್ನು ಅಲ್ಲಿಯೇ ಬಿಟ್ಟು ವಸಡು ಹೊಲಿಯುವ ದಾರಿಯೊಂದಿದೆ. ಹಾಗೆ ಬಿಟ್ಟ ಬೇರುಗಳು ಮುಂದಿನ ತಿಂಗಳುಗಳಲ್ಲಿ ಹೆಚ್ಚಿನವರಲ್ಲಿ ನಿಧಾನವಾಗಿ ಮೇಲಕ್ಕೆ ಸರಿದು ನರದಿಂದ ಒಂದೆರಡು ಮಿಲಿಮೀಟರ್‌ ದೂರವಾಗುತ್ತವೆ. ಮುಂದೆ ಎಂದಾದರೂ ಅವನ್ನು ತೆಗೆಯಬೇಕಾಗಿ ಬಂದರೆ ನರ ಆಗ ದಾರಿಯಲ್ಲಿ ಇರುವುದಿಲ್ಲ.